ಸಂಸಾರ ಸಮೇತ ಸಂಚಾರ: ಹೈದರಾಬಾದಿನಲ್ಲಿ ಕೊನೆಯ ಎರಡು ದಿನ

ಕಳೆದ ಸಂಚಿಕೆಯಲ್ಲಿ ನಮ್ಮ ಸಂಘದ ಮೂರು ಮೋಟಾರುಗಳ ಸಾಲನ್ನು ಬೀದರಿನ ಕೋಟೆಯ ಬಾಗಿಲಲ್ಲಿ ನಿಲ್ಲಿಸಿ ವಾಚಕರಿಂದ ಬೀಳ್ಕೊಂಡಿದ್ದೆವಷ್ಟೆ. ಹಂಪೆಯಿಂದ ಹೊರಟು, ರಾಯಚೂರು, ಕಲಬುರ್ಗಿಗಳನ್ನು ಕಂಡು, ಎಂಟು ದಿನಗಳ ಧೂಳನ್ನು ಹೊತ್ತಿದ್ದ ನಾವು ಮರುದಿನ ಬೆಳಕು ಹರಿಯುವ ಹೊತ್ತಿಗೆ ಹೈದರಾಬಾದಿನ ದಾರಿ ಹಿಡಿದೆವು. ಸುಮಾರು 140 ಕಿಲೋಮೀಟರುಗಳ ಪಯಣ.

ಪ್ರವಾಸದ ಕೊನೆಯ ದಿನಗಳ ಸ್ವಭಾವವನ್ನು ಸಂಸಾರವಂದಿಗರಿಗೆ ವಿವರಿಸಬೇಕಾಗಿಲ್ಲ. ಮಾಸಿದ ಬಟ್ಟೆಯ ಗಂಟು ಮಡಿ ಬಟ್ಟೆಯ ಗಂಟಿಗಿಂತ ದೊಡ್ಡದಾಗಿರುತ್ತದೆ. ಇನ್ನೊಂದು ಕೋಟೆ ಎಂದರೆ ಮಕ್ಕಳು ಮೋಟಾರಿನಿಂದ ಇಳಿಯಲೊಲ್ಲರು. ಹಿರಿಯರ ಲಕ್ಷ್ಯವೆಲ್ಲ ರೈಲಿನ ಟಿಕೇಟಿನ ಮೇಲೆ. ಚಾರ್‌ಮಿನಾರಿನ ಪಕ್ಕದ ಲಾಡ್ ಬಜಾರಿನಲ್ಲಿ ಅರಗಿನ ಬಳೆ, ನಾಲ್ಕು ಮುತ್ತು ಕೊಂಡು ಮನೆಗೆ ಹೊರಟರಾಯಿತು ಎಂದು ನಮ್ಮಲ್ಲೂ ಕೆಲವರು ಹೇಳಿದರು. ಆದರೆ ಈ ಊರು ಕನ್ನಡಿಗರ ಪಾಲಿಗೆ ಬರಿಯ ಪೇಟೆಯಲ್ಲ. ಕಲಬುರ್ಗಿ, ರಾಯಚೂರು, ಬೀದರು ಈ ಮೂರು ಜಿಲ್ಲೆಗಳಿಗೆ 1956ನೆಯ ಇಸವಿಯ ಅಕ್ಟೋಬರ್ ಕೊನೆಯವರೆಗೆ ಇದೇ ರಾಜಧಾನಿ. ಆದಕಾರಣ ಎರಡು ದಿನಗಳನ್ನು ಹಿಡಿದಿಟ್ಟು ಕ್ರಮವಾಗಿ ನೋಡಬೇಕೆಂದು ತೀರ್ಮಾನವಾಯಿತು.

ಮೊದಲ ದಿನ ಗೋಲ್ಕೊಂಡ. ಬಹಮನಿ ಅರಸರು 1347ರಲ್ಲಿ ಕಲಬುರ್ಗಿಯನ್ನು ರಾಜಧಾನಿ ಮಾಡಿಕೊಂಡರು, ಮುಂದಿನ ಶತಮಾನದಲ್ಲಿ ಬೀದರಿಗೆ ಹೋದರು. ಆ ರಾಜ್ಯ ಒಡೆದಾಗ ಅವರ ಅಧಿಕಾರಿಯಾಗಿದ್ದ ಸುಲ್ತಾನ್ ಕುಲಿ ಗೋಲ್ಕೊಂಡದಲ್ಲಿ ಕುತುಬ್‌ಶಾಹಿ ಮನೆತನವನ್ನು ಸ್ಥಾಪಿಸಿದ. ನಮ್ಮ ಮೋಟಾರುಗಳು ರಾಜಧಾನಿಗಳು ಸರಿದ ದಾರಿಯಲ್ಲೇ ಬಂದಿದ್ದವೆಂಬುದು ಆಗ ಹೊಳೆಯಿತು. ಫತೇ ದರವಾಜೆಯ ಕೆಳಗೆ ಒಬ್ಬರು ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಯ ಬಾಲಾ ಹಿಸ್ಸಾರಿನಲ್ಲಿ ಕೇಳಿಸುತ್ತದೆ. ಇಳಿಯಲೊಲ್ಲೆನೆಂದಿದ್ದ ಮಕ್ಕಳೇ ಚಪ್ಪಾಳೆ ಕೇಳಲು ಮೆಟ್ಟಿಲುಗಳನ್ನು ಓಡಿ ಹತ್ತಿದರು. ನಾವು ಮೊಣಕಾಲು ಹಿಡಿದುಕೊಂಡು ಹಿಂದಿನಿಂದ ಬಂದೆವು.

ಮೇಲೆ ಗಾಳಿಗೆ ಕುಳಿತಾಗ ಇಬ್ರಾಹಿಂ ಕುಲಿಯ ಕಥೆ ಬಂತು. ಅಣ್ಣ ಜಮ್‌ಷೀದನಿಗೆ ಹೆದರಿ ಊರು ಬಿಟ್ಟ ಈ ರಾಜಕುಮಾರ ಆಶ್ರಯ ಪಡೆದದ್ದು ವಿಜಯನಗರದಲ್ಲಿ. ಅಳಿಯ ರಾಮರಾಯನ ರಕ್ಷಣೆಯಲ್ಲಿ ಸುಮಾರು ಏಳು ವರ್ಷ ಅಲ್ಲಿದ್ದು, 1550ರಲ್ಲಿ ಮರಳಿ ಬಂದು ಪಟ್ಟವೇರಿದ. 1565ರಲ್ಲಿ ರಾಮರಾಯನ ಎದುರು ನಿಂತ ಸುಲ್ತಾನರ ಕೂಟದಲ್ಲಿ ಇವನೂ ಒಬ್ಬ. ಎಂಟು ದಿನದ ಹಿಂದೆ ಹಂಪೆಯ ಬಜಾರಿನ ಮುರಿದ ಕಂಬಗಳನ್ನು ಎಣಿಸಿದ್ದ ಹುಡುಗಿಯೊಬ್ಬಳು, “ಅನ್ನ ಹಾಕಿದವರ ಮೇಲೇ ದಂಡೆತ್ತಿ ಹೋದನೇ?” ಎಂದು ಕೇಳಿದಳು. ರಾಜಕಾರಣ, ಗಡಿ, ಭಯ ಎಂದು ದೊಡ್ಡವರು ಏನೇನೋ ಹೇಳಿದರು. ಮಗುವಿಗೆ ಅದು ಸಮಾಧಾನವಾಗಲಿಲ್ಲ, ಆಗಬೇಕೂ ಇಲ್ಲ. ಸಂಜೆ ಸಮೀಪದ ಸಮಾಧಿಗಳ ತೋಟದಲ್ಲಿ ಆ ಇಬ್ರಾಹಿಮನ ಗೋರಿಯನ್ನೂ ಕಂಡೆವು.

ಎರಡನೆಯ ದಿನ ಊರೊಳಗೆ. ಚಾರ್‌ಮಿನಾರನ್ನು 1591ರಲ್ಲಿ ಕಟ್ಟಿಸಿದವನು ಇಬ್ರಾಹಿಮನ ಮಗ ಮಹಮ್ಮದ್ ಕುಲಿ. ಹೈದರಾಬಾದು ಹುಟ್ಟಿದ್ದೂ ಅವನಿಂದಲೇ. ಅಲ್ಲಿಂದ ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಮೃತಶಿಲೆಯಲ್ಲಿ ತೆಳುವಾದ ಮುಸುಕನ್ನು ಕೆತ್ತಿದ ಬೆಂಜೋನಿಯ ರೆಬೆಕ್ಕಳನ್ನು ಹೆಂಗಸರು ಬಹಳ ಹೊತ್ತು ನೋಡಿದರು. ಗಂಟೆಗೊಮ್ಮೆ ಪುಟ್ಟ ಗೊಂಬೆ ಹೊರಬಂದು ಜಾಗಟೆ ಬಾರಿಸುವ ಗಡಿಯಾರದ ಮುಂದೆ ಜನ ಜಾತ್ರೆಯಂತೆ ಕೂಡುತ್ತಾರೆ. ಹೋಗುವವರು ಶುಕ್ರವಾರವನ್ನು ಬಿಟ್ಟು ಹೋಗಬೇಕು, ಅಂದು ರಜೆ.

ಹೊರಗೆ ಮೂಸಿ ನದಿ. ಈಗ ನೀರಿನ ಚಂದ ನೋಡುವ ನದಿಯಲ್ಲ. ಆದರೆ 1908ರ ಸೆಪ್ಟೆಂಬರ್ 28ರಂದು ಇದು ಉಕ್ಕಿ ಊರಿನ ಸಾವಿರಾರು ಜನರನ್ನು ಕೊಂಡೊಯ್ದಿತು. ಅಫ್ಜಲ್‌ಗಂಜಿನ ಆಸ್ಪತ್ರೆಯ ಆವರಣದ ಹುಣಿಸೆಯ ಮರವನ್ನೇರಿ ಸುಮಾರು 150 ಮಂದಿ ಬದುಕಿಕೊಂಡರಂತೆ. ಮುಂದಿನ ವರ್ಷ ನಿಜಾಮರ ಸರ್ಕಾರ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಊರಿನೊಳಗೆ ಗೋಡೆ ಎತ್ತಿದರೆ ಸಾಲದು, ಊರಿಗೆ ಬರುವ ಮೊದಲೇ ನೀರನ್ನು ತಡೆದು ಮೆಲ್ಲಗೆ ಬಿಡಬೇಕು ಎಂಬುದು ಅವರ ಸಲಹೆ. ಮೂಸಿಗೂ ಅದರ ಉಪನದಿ ಈಸಿಗೂ ಕಟ್ಟೆಗಳಾದವು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ. ನೆರೆ ತಡೆಯುವುದರ ಜೊತೆಗೆ ಕುಡಿಯುವ ನೀರೂ ದೊರೆಯಿತು. ಆ 1909ರ ನವೆಂಬರಿನಲ್ಲೇ ಅವರು ಮೈಸೂರಿನ ಮುಖ್ಯ ಇಂಜಿನಿಯರಾದರು.

ನದಿಯ ದಂಡೆಯಲ್ಲೇ ಹಳೆಯ ಹೈಕೋರ್ಟಿನ ಕೆಂಪು ಕಟ್ಟಡ. ಅದನ್ನು ಕಂಡೊಡನೆ ನಮ್ಮ ತಂಡದ ಹಿರಿಯ ಮಹಿಳೆಯೊಬ್ಬರು ನಿಂತುಬಿಟ್ಟರು. ಅವರದು ಯಾದಗಿರಿಯ ಕಡೆಯ ಮನೆತನ. ಹೊಲದ ವ್ಯಾಜ್ಯಕ್ಕಾಗಿ ಅವರ ತಂದೆ ವಾಡಿಯ ಮೇಲಿನ ರೈಲಿನಲ್ಲಿ ಇಲ್ಲಿಗೆ ಎಷ್ಟೋ ಸಲ ಬಂದುಹೋದವರಂತೆ. “ಅಪ್ಪ ಹೈದರಾಬಾದಿಗೆ ಹೋದರೆ ಬಿಸ್ಕತ್ತು ಬರುತ್ತಿತ್ತು. ಇದು ಬೇರೆ ರಾಜ್ಯದ ಊರೆಂದು ನಮಗೆ ಆಗ ಗೊತ್ತೇ ಇರಲಿಲ್ಲ,” ಎಂದರು. ಗೊತ್ತಿರಬೇಕಾದ್ದೂ ಇರಲಿಲ್ಲ, ಆಗ ಅದು ಬೇರೆಯಾಗಿರಲಿಲ್ಲವಲ್ಲ!

ಮಧ್ಯಾಹ್ನ ಕಾಚಿಗುಡಕ್ಕೆ ಹೋದೆವು. ನೃಪತುಂಗನ ಹೆಸರಿನ ಕನ್ನಡ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಇವೆಲ್ಲ ಆ ಭಾಗದವು. ಈ ಸಂಸ್ಥೆಗಳ ಹಿಂದಿನ ಜನರ ಪರಿಸ್ಥಿತಿ ನಮ್ಮಂತಹುದಲ್ಲ. ನಾವು ರೈಲನ್ನೋ ವಿಮಾನವನ್ನೋ ಹತ್ತಿ ಹೊರನಾಡಿಗರಾದವರು. ನೌಕರಿ, ವಕೀಲಿ, ವ್ಯಾಪಾರಗಳಿಗಾಗಿ ತಮ್ಮದೇ ರಾಜಧಾನಿಯಲ್ಲಿ ನೆಲೆಸಿದ್ದ ಅವರು ಮನೆಯ ಹೊಸ್ತಿಲನ್ನೂ ದಾಟಲಿಲ್ಲ. 1956ರ ನವೆಂಬರ್ 1ರಂದು ಅವರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, ಊರು ಆಂಧ್ರ ಪ್ರದೇಶಕ್ಕೆ ಸೇರಿತು. ರಾತ್ರಿ ಸ್ವಂತ ರಾಜ್ಯದಲ್ಲಿ ಮಲಗಿದವರು ಬೆಳಗ್ಗೆ ಹೊರನಾಡ ಕನ್ನಡಿಗರಾಗಿ ಎದ್ದರು. 2014ರಲ್ಲಿ ಅದೇ ಮನೆ ತೆಲಂಗಾಣಕ್ಕೆ ಸೇರಿತು. ಕನ್ನಡದ ಜಿಲ್ಲೆಗಳು ಒಂದಾದದ್ದು ಸಂತೋಷದ ಸಂಗತಿಯೇ; ಆ ಸಂತೋಷದ ದಿನ ಗೆರೆಯ ಆಚೆ ಉಳಿದವರನ್ನು ಮರೆಯಬಾರದು.

ನಮ್ಮ ಮಕ್ಕಳು “ನಮ್ಮ ಊರು ಯಾವುದು?” ಎಂದು ಕೇಳುವುದುಂಟು. ಹುಟ್ಟಿದ ಊರು ಒಂದು, ಅಜ್ಜಿಯ ಊರು ಒಂದು, ಶಾಲೆಯ ಭಾಷೆ ಇನ್ನೊಂದು. ಅಂತಹ ಮಕ್ಕಳಿಗೆ ಈ ನಗರ ಒಳ್ಳೆಯ ಪಾಠಶಾಲೆ. ಉತ್ತರ ಕರ್ನಾಟಕದ ಪ್ರವಾಸ ಮಾಡುವ ಬಂಧುಗಳು ಕೊನೆಯ ಎರಡು ದಿನಗಳನ್ನು ಹೈದರಾಬಾದಿಗೆ ಮೀಸಲಿಡಲಿ. ಬಳೆಯನ್ನೂ ಕೊಳ್ಳಿರಿ, ಇರಾನಿ ಚಹವನ್ನೂ ಕುಡಿಯಿರಿ. ಹೊರಡುವ ಮುನ್ನ ಅಲ್ಲಿನ ಒಂದು ಕನ್ನಡ ಮನೆಯ ಬಾಗಿಲು ತಟ್ಟಿ, ಅರ್ಧ ಗಂಟೆ ಕುಳಿತು, ಅವರ ಹಿರಿಯರು ಯಾವ ತಾಲೂಕಿನವರೆಂದು ಮಕ್ಕಳಿಂದಲೇ ಕೇಳಿಸಿರಿ.