ಸ್ಟಾರ್ಟಪ್ ಸಭೆಗೆ ನಮ್ಮ ಹೈಸ್ಕೂಲು ಮಕ್ಕಳನ್ನೂ ಕರೆಯಿರಿ

ಸೇಲಂನಲ್ಲೋ ಹೊಸೂರಿನಲ್ಲೋ ಸ್ಟಾರ್ಟಪ್ ಸಭೆ ನಡೆಯಿತೆಂಬ ಸುದ್ದಿ ಕಂಡರೆ, ಅದು ನಮಗಲ್ಲ ಎಂದು ನೀವು ಪುಟ ತಿರುಗಿಸಿಬಿಡಬಹುದು. ತಿರುಗಿಸಬೇಡಿ. ತಮಿಳುನಾಡು ಸರ್ಕಾರದ ಸ್ಟಾರ್ಟಪ್ ಟಿಎನ್ ಈ ಎರಡೂ ಊರುಗಳಲ್ಲಿ ಪ್ರಾದೇಶಿಕ ಕೇಂದ್ರ ತೆರೆದಿದೆ. ಹೊಸ ಉದ್ಯಮ ಕಟ್ಟುವವರು, ಬಂಡವಾಳ ಹಾಕುವವರು, ಇಂಜಿನಿಯರಿಂಗ್ ಕಾಲೇಜಿನವರು ಪರಸ್ಪರ ಪರಿಚಯವಾಗಲಿ ಎಂಬುದು ಇಂಥ ಕೇಂದ್ರಗಳ ಉದ್ದೇಶ. ಆ ಪರಿಚಯ ಹೈಸ್ಕೂಲಿನವರೆಗೆ, ಅದರಲ್ಲೂ ಕನ್ನಡ ಮಾಧ್ಯಮದ ಹೈಸ್ಕೂಲಿನವರೆಗೆ ಇಳಿಯಬೇಕು.

ಹಳೆಯ ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿ, ಧರ್ಮಪುರಿಯಿಂದ 2004ರಲ್ಲಿ ಕೃಷ್ಣಗಿರಿ ಬೇರೆಯಾದವು. ಗೆರೆ ಎಲ್ಲಿ ಎಳೆದರೂ ಸೇಲಂನ ದೇವಾಂಗ ನೇಕಾರರ ಮನೆಯಲ್ಲಿ, ತಳಿ, ಡೆಂಕಣಿಕೋಟೆ ಕಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ ಉಳಿಯಿತು. ಬದಲಾದದ್ದು ದುಡಿಮೆ. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಬಂದು ದಶಕಗಳೇ ಆದವು. ಈಗ ಹೊಸೂರಿನಲ್ಲಿ ಏಥರ್, ಪೋಚಂಪಳ್ಳಿ ಕಡೆ ಓಲಾ ವಿದ್ಯುತ್ ಸ್ಕೂಟರು ತಯಾರಿಸುತ್ತಿವೆ. ಟಾಟಾ ಎಲೆಕ್ಟ್ರಾನಿಕ್ಸ್ ಮೊಬೈಲಿನ ಭಾಗಗಳನ್ನು ತಯಾರಿಸುತ್ತಿದೆ. ಕಂಪನಿ ಬಸ್ಸು ಹತ್ತಿ ಪಾಳಿ ಕೆಲಸಕ್ಕೆ ಹೋಗುವವರನ್ನು ನಮ್ಮ ಮಕ್ಕಳು ದಿನಾ ನೋಡುತ್ತಾರೆ. ಅದೇ ಕಾರ್ಖಾನೆಯೊಳಗೆ ಬ್ಯಾಟರಿ ಪರೀಕ್ಷಿಸುವವರು, ಅಚ್ಚಿನ ವಿನ್ಯಾಸ ಮಾಡುವವರು, ಯಂತ್ರಕ್ಕೆ ಪ್ರೋಗ್ರಾಂ ಬರೆಯುವವರು ಇದ್ದಾರೆಂಬುದು ಎಂಟನೇ ತರಗತಿಯ ಮಗುವಿಗೆ ಹೇಗೆ ತಿಳಿಯಬೇಕು?

ತಿಳಿಯದಿದ್ದರೆ ನಷ್ಟ ದೊಡ್ಡದು. ಹತ್ತನೇ ತರಗತಿ ಮುಗಿದ ಕೂಡಲೇ ಪ್ಲಸ್ ಒನ್ ಗ್ರೂಪು ಆರಿಸಬೇಕು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಬಿಟ್ಟವರಿಗೆ ಇಂಜಿನಿಯರಿಂಗಿನ ನೇರ ದಾರಿ ಬಹುಮಟ್ಟಿಗೆ ಅಲ್ಲಿಗೇ ಮುಗಿಯಿತು. ತಮಿಳುನಾಡಿನ ಇಂಜಿನಿಯರಿಂಗ್ ಕೌನ್ಸೆಲಿಂಗಿಗೆ ಪ್ರವೇಶ ಪರೀಕ್ಷೆಯಿಲ್ಲ. ಈ ಮೂರು ವಿಷಯಗಳ ಪ್ಲಸ್ ಟೂ ಅಂಕ ಸಾಕು. ಅದರ ಮೇಲೆ, 2021ರ ಕಾಯ್ದೆಯಂತೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಶೇ 7.5 ಸೀಟು ಮೀಸಲು, ಅವರ ಶುಲ್ಕವನ್ನೂ ಸರ್ಕಾರವೇ ಕಟ್ಟುತ್ತದೆ. ಧರ್ಮಪುರಿ, ಬರಗೂರು, ಸೇಲಂ ಮೂರೂ ಕಡೆ ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಆದರೆ 6ರಿಂದ 12ರವರೆಗೆ ಸರ್ಕಾರಿ ಶಾಲೆಯಲ್ಲೇ ಓದಿರಬೇಕೆಂಬುದು ಷರತ್ತು. "ಇಂಗ್ಲಿಷ್ ಬರಲಿ" ಎಂದು ಸಾಲ ಮಾಡಿ ಮಗಳನ್ನು ಪ್ಲಸ್ ಒನ್‌ಗೆ ಖಾಸಗಿ ಶಾಲೆಗೆ ಸೇರಿಸುವ ತಂದೆ, ಅವಳ ಕೈಯಲ್ಲಿದ್ದ ಈ ಹಕ್ಕನ್ನು ತಾನೇ ಬಿಡಿಸಿದಂತಾಗುತ್ತದೆ. ದಯವಿಟ್ಟು ಇದನ್ನು ಪಕ್ಕದ ಮನೆಯವರಿಗೂ ಹೇಳಿ.

ಭಾಷೆಯ ತೊಡಕು ಇಲ್ಲವೆಂದಲ್ಲ. ನೀಟ್, ಜೆಇಇ ಮೇನ್ ಎರಡಕ್ಕೂ ಕನ್ನಡ ಪ್ರಶ್ನೆಪತ್ರಿಕೆ ಇದೆ. ಅದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಗಡಿಯಿಂದ ಈಚೆ ಇರುವ ಕನ್ನಡ ಮಗುವಿಗೆ ಊರ ಹತ್ತಿರದ ಕೇಂದ್ರದಲ್ಲಿ ಅದು ಸಿಗದು. ಈ ನಿಯಮ ಬದಲಾಗಬೇಕೆಂದು ಕೇಳುವುದು ನ್ಯಾಯವೇ. ಕೇಳುತ್ತಲೇ ನಮ್ಮ ಮೇಷ್ಟ್ರುಗಳು ಎಂಟನೇ ತರಗತಿಯಿಂದಲೇ ಒಂದು ಕೆಲಸ ಮಾಡಬಹುದು. ಕರಿಹಲಗೆಯ ಮೇಲೆ ಸಾಂದ್ರತೆ ಎಂದು ಬರೆದಾಗ ಪಕ್ಕದಲ್ಲೇ ತಮಿಳಿನ ಅಡರ್ತ್ತಿ, ಇಂಗ್ಲಿಷಿನ ಡೆನ್ಸಿಟಿ ಎರಡನ್ನೂ ಬರೆಯಲಿ. 2006ರ ತಮಿಳು ಕಲಿಕೆ ಕಾಯ್ದೆಯ ಬಗ್ಗೆ ನಮ್ಮ ತಕರಾರು ಏನೇ ಇರಲಿ, ಮಕ್ಕಳು ತಮಿಳು ಓದುತ್ತಿದ್ದಾರೆ. ಅರ್ಥ ಕನ್ನಡದಲ್ಲಿ ಗಟ್ಟಿಯಾದ ಮೇಲೆ ಉಳಿದೆರಡು ಹೆಸರು ಸೇರಿಸಿಕೊಳ್ಳುವುದು ಅವರಿಗೆ ಭಾರವಲ್ಲ.

ಸ್ಟಾರ್ಟಪ್ ಕೇಂದ್ರದವರಲ್ಲಿ ನಮ್ಮ ಬೇಡಿಕೆ ಚಿಕ್ಕದು. ಸಭೆ ನಡೆಯುವಾಗ ಅರ್ಧ ದಿನ 8, 9, 10ನೇ ತರಗತಿಯವರಿಗೆ ಇಡಿ. ಬೆಂಗಳೂರು ಹೊಸೂರಿನಿಂದ ಬರೀ 40 ಕಿ.ಮೀ.; ಕನ್ನಡ ಮಾತಾಡುವ ಇಂಜಿನಿಯರುಗಳಿಗೆ ಬರವಿಲ್ಲ. ಭಾಷಣ, ಸರ್ಟಿಫಿಕೇಟು, ಗ್ರೂಪ್ ಫೋಟೋ ಬೇಡ. ಒಂದು ಸ್ಕೂಟರಿನ ಮೋಟಾರು ಬಿಚ್ಚಿಟ್ಟು, ಇದನ್ನು ನಾನು ಮಾಡಿದೆ, ಇಂತಿಂಥದ್ದು ಓದಿದೆ, ಇಷ್ಟು ಸಂಬಳ ಬರುತ್ತದೆ ಎಂದು ಹೇಳಲಿ. ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷದ ಇಂಜಿನಿಯರಿಂಗಿಗೆ ಸೇರಿದವರು ಸಿಕ್ಕರೆ ಇನ್ನೂ ಒಳ್ಳೆಯದು. ಆ ದಾರಿ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಅವರಾಗಿ ಕರೆಯುವವರೆಗೆ ಕಾಯಬೇಕಿಲ್ಲ. ನಿಮ್ಮ ಶಾಲೆಯ ನಿರ್ವಹಣಾ ಸಮಿತಿಯ ಮುಂದಿನ ಸಭೆಗೆ ಹೋಗಿ. ಕೇಂದ್ರಕ್ಕೆ ಹೆಡ್‌ಮಾಸ್ತರ ಸಹಿಯಿರುವ ಒಂದು ಪತ್ರ, ಬಸ್ಸಿನ ಖರ್ಚಿಗೆ ಒಂದು ದಾರಿ, ಹೆಣ್ಣುಮಕ್ಕಳ ಜತೆಗೆ ಒಬ್ಬ ಟೀಚರಮ್ಮ, ಈ ಮೂರನ್ನೂ ಅಲ್ಲೇ ತೀರ್ಮಾನಿಸಿ. ಹತ್ತನೇ ತರಗತಿಯ ಪರೀಕ್ಷೆಗೆ ಮೊದಲು ಹೋಗಿಬರಬೇಕು. ಆಮೇಲೆ ಹೋದರೆ ಗ್ರೂಪು ಆಗಲೇ ಆರಿಸಿ ಆಗಿರುತ್ತದೆ.