ಸಂಬಳವಿಲ್ಲದ ಮನೆಗೆ ತಿಂಗಳ ಬಜೆಟ್ಟೇ?

ತಿಂಗಳ ಬಜೆಟ್ ಬರೆದು, ದಿನಸಿ ಒಟ್ಟಿಗೆ ತಂದು, ಅಂಗಡಿ ಸಾಲ ಬಿಟ್ಟರೆ ಹಳ್ಳಿ ಮನೆಗಳಲ್ಲೂ ದುಡ್ಡು ಉಳಿಯುತ್ತದೆ ಎಂಬುದು ಇತ್ತೀಚೆಗೆ ಅಚ್ಚಾದ ಅಂಕಣವೊಂದರ ವಾದ. ಸಂಬಳದವರಿಗೆ ಸರಿ; ಬೆಳೆ, ಹಾಲು ನಂಬಿದ ಮನೆಗಳಿಗಲ್ಲ.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ ಕಬ್ಬು ಕಟಾವಿಗೆ ಬರಲು ಹೆಚ್ಚುಕಡಿಮೆ ವರ್ಷ ಬೇಕು. ಕಬ್ಬು ಒಪ್ಪಿಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕೆನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ; ಆದರೂ ಬಾಕಿಗಾಗಿ ಮಂಡ್ಯದ ರೈತರು ರಸ್ತೆಗಿಳಿದದ್ದು ಅಂಕಣಕಾರರಿಗೆ ಕಾಣಲಿಲ್ಲವೇನೋ. ದುಡ್ಡು ಕೈಸೇರುವವರೆಗೆ ಅಂಗಡಿ ಲೆಕ್ಕದ ಪುಸ್ತಕವೇ ಗತಿ. ಅದನ್ನು ದುಂದು ಎನ್ನಲಾದೀತೇ?

ನಾಲೆ ನೀರು ತಲುಪದ ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಎಷ್ಟೋ ಮನೆ ನಡೆಸುವುದು ಡೇರಿಯ ಹಾಲಿನ ಬಟವಾಡೆ. ಅದರಲ್ಲಿ ಮೊದಲು ಬೂಸಾ, ಹಿಂಡಿ. ಮಿಕ್ಕಿದ್ದರಲ್ಲಿ ಎಣ್ಣೆ, ಬೇಳೆ. ರಾಗಿ ಹೊಲದ್ದು, ಸೊಪ್ಪು ಬದುವಿನದು. ಇನ್ನು ಕತ್ತರಿಸುವುದೇನನ್ನು?

ಹಾಗೆಂದು ಈ ಮನೆಗಳಲ್ಲಿ ಉಳಿತಾಯವೇ ಇಲ್ಲವೆಂದಲ್ಲ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯನ್ನು ಚೀಟಿಗೋ ಸ್ತ್ರೀಶಕ್ತಿ ಸಂಘಕ್ಕೋ ಕಟ್ಟುವ ಹೆಂಗಸರಿದ್ದಾರೆ. ಅಂಕಣ ಅದನ್ನು ಉಳಿತಾಯವೆಂದು ಲೆಕ್ಕಕ್ಕೇ ಹಿಡಿದಿಲ್ಲ.