ಬೇಡ ಎಂದವನಿಗೂ ಕೂಲಿ ಕೊಡಿ

“ಏನ್ರೀ, ಮಳೆಗೆ ಹೆದರಿ ವಾಪಸ್ ಬಂದ್ರಾ?” ವಿಜಯನಗರದ ನಮ್ಮ ಬೀದಿಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೌದು, ಹೆದರಿಯೇ ಬಂದೆವು. ಮೊದಲು ಹೆದರದೆ ಹಟ ಹಿಡಿದವಳು ನಾನೊಬ್ಬಳೇ. ಆ ನಾಚಿಕೆಯನ್ನು ಹೇಳಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಯಜಮಾನರಿಗೆ ಗಾಳ ಹಾಕುವ ಹುಚ್ಚು. ಹೋದ ದಸರಾ ರಜೆಯಲ್ಲಿ ಅವರು, ನನ್ನ ಮೈದುನ ಮತ್ತು ನಾನು ರಾತ್ರಿ ಬಸ್ಸು ಹಿಡಿದು ಉತ್ತರ ಕನ್ನಡದ ತದಡಿಗೆ ಹೋದೆವು. ಅಘನಾಶಿನಿ ನದಿ ಕಡಲು ಸೇರುವ ಊರು. ದೋಣಿಯವನಿಗೆ ಮೊದಲೇ ಹೇಳಿಟ್ಟಿದ್ದೆವು. ಬೆಳಗ್ಗೆ ಎದ್ದರೆ ಗಾಳಿ, ಮಳೆ. ಆತ ಆಕಾಶ ನೋಡಿ, “ಇವತ್ತು ಬೇಡ” ಎಂದ. ಗಂಡಸರಿಬ್ಬರೂ ಸುಮ್ಮನಾದರು. ನಾನು ಬಾಯಿ ಹಾಕಿದೆ: “ಅಷ್ಟು ದೂರದಿಂದ ಬಂದಿದ್ದೀವಪ್ಪ. ನೋಡು, ನದಿ ಕೆರೆಯ ಹಾಗೆ ನಿಂತಿದೆ. ಇನ್ನೂರು ರೂಪಾಯಿ ಜಾಸ್ತಿ ತಗೋ.”

ಒಣಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅವನ ತಾಯಿ ಹೇಳಿದರು: “ಹೋಗೂದು ದೊಡ್ಡದಲ್ಲ ಅಮ್ಮ, ಬರೂದು ದೊಡ್ಡದು.”

ಆಮೇಲೆ ಆತ ವಿವರಿಸಿದ. ನದಿಯ ಒಳಗೆ ಶಾಂತ, ಅಪಾಯವಿರುವುದು ಅಳಿವೆಯಲ್ಲಿ. ಅಲ್ಲಿ ನೀರಿನಡಿ ಮರಳ ದಿಬ್ಬಗಳು. ಇಳಿತದ ಹೊತ್ತಿಗೆ ಹೊರನುಗ್ಗುವ ನದಿನೀರಿಗೆ ಕಡಲ ಅಲೆ ಎದುರಾದರೆ ಅಲೆ ಗೋಡೆಯಂತೆ ಏಳುತ್ತದೆ. ದೋಣಿ ಅಡ್ಡ ತಿರುಗಿದರೆ ಮಗುಚಿತೆಂದೇ ಲೆಕ್ಕ.

ಕಡಲನ್ನೇ ನಂಬಿದವರು ಸುಮ್ಮನಿರುವುದನ್ನೂ ಕಲಿತಿದ್ದಾರೆ. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ ಅದು, ಮುಂಗಾರಿನ ಅಬ್ಬರದ ಕಾಲವೂ ಹೌದು. ಗಾಳಿ ಕೆಟ್ಟರೆ ಹೊರ ರಾಜ್ಯದ ದೋಣಿಗಳೂ ಕಾರವಾರದ ಬೈತಖೋಲ ಬಂದರಿಗೆ ಬಂದು ಲಂಗರು ಹಾಕುತ್ತವೆ. ಅವರನ್ನು ಪುಕ್ಕಲರೆನ್ನುವ ಧೈರ್ಯ ಯಾರಿಗಿದೆ? 2017ರ ನವೆಂಬರ್ ಕೊನೆಯಲ್ಲಿ ಬೀಸಿದ ಓಖಿ ಚಂಡಮಾರುತಕ್ಕೆ ಕೇರಳ, ಕನ್ಯಾಕುಮಾರಿ ಕಡೆಯ ಎಷ್ಟೋ ಮೀನುಗಾರರು ಬಲಿಯಾದರು. ಎಚ್ಚರಿಕೆ ತಲುಪುವ ಮೊದಲೇ ಕಡಲಿಗೆ ಹೋಗಿದ್ದವರು ಹಲವರು. ಅವರಿಗೆ ಬೇಡ ಎನ್ನುವವರು ಇರಲಿಲ್ಲ. ನನಗೆ ಇದ್ದ. ಅವನ ‘ಬೇಡ’ವನ್ನು ಇನ್ನೂರು ರೂಪಾಯಿಗೆ ಕೊಳ್ಳಲು ಹೋದೆ!

ಈ ಬುದ್ಧಿ ಎಲ್ಲಿಂದ ಬಂತು? ಜ್ವರದಲ್ಲೂ ಶಾಲೆಗೆ ಬಂದ ಮಗುವಿಗೆ ‘ನೂರಕ್ಕೆ ನೂರು ಹಾಜರಿ’ ಬಹುಮಾನ ಕೊಟ್ಟವಳು ನಾನು. ಮಳೆ ಬಂದರೂ ಟ್ಯೂಷನ್ ತಪ್ಪಿಸಬೇಡ ಎಂದು ಮಕ್ಕಳನ್ನು ಅಟ್ಟುವವರು ನಾವು. 2023ರ ಮೇ 21ರಂದು ನಮ್ಮ ಊರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ, ಮಳೆನೀರಿಗೆ ಸಿಕ್ಕ ಕಾರಿನಲ್ಲಿದ್ದ ಯುವತಿ ತೀರಿಕೊಂಡಳು. ನೀರು ಕಂಡಲ್ಲಿ ನಿಲ್ಲುವುದು, ಹಿಂದಿರುಗುವುದು ಅವಮಾನವಲ್ಲ ಎಂದು ನಮ್ಮ ಮಕ್ಕಳಿಗೆ ನಾವು ಎಂದಾದರೂ ಹೇಳಿಕೊಟ್ಟಿದ್ದೇವೆಯೇ?

ಬೇಡ ಎಂದ ದೋಣಿಯವನಿಗೆ ಆ ದಿನದ ಸಂಪಾದನೆ ಇಲ್ಲ. ಹೂಂ ಎಂದವನಿಗೆ ದುಡ್ಡು. ಹೀಗಾದರೆ ನಾಳೆ ಬೇಡ ಎನ್ನುವವರು ಉಳಿದಾರೆಯೇ? ನಮ್ಮ ಯಜಮಾನರು ಅರ್ಧ ಬಾಡಿಗೆ ಅವನ ಕೈಗಿಟ್ಟರು. “ನಾನೇನೂ ಮಾಡಲಿಲ್ಲವಲ್ಲ ಸಾರ್” ಎಂದು ಆತ ಸಂಕೋಚಪಟ್ಟ.

ಗೆಳತಿಯರೇ, ಪ್ರವಾಸದ ಖರ್ಚು ಬರೆಯುವಾಗ ಹೀಗೆ ಹಿಂದಿರುಗುವ ದಿನಕ್ಕೂ ಒಂದಿಷ್ಟು ದುಡ್ಡು ಎತ್ತಿಡಿ. ಮನೆಯವರು ಗಾಳಿಗೆ ಹೆದರಿ ಬರಿಗೈಯಲ್ಲಿ ಬಂದರೆ ನಗಬೇಡಿ. ಬಿಸಿನೀರು ಕಾಯಿಸಿ, ಊಟಕ್ಕೆ ಬಡಿಸಿ.